ಎಕ್ಸ್‌ಎಸ್‌ಎಲ್‌ಟಿ ಪುಟ ನಿಧಾನ: ದೊಡ್ಡ ಸರ್ವರ್ ಬೇಕೇ?

ಪ್ರಶ್ನೆ: ನಮ್ಮ ಜಾವಾ ವೆಬ್ ಅಪ್ಲಿಕೇಶನ್ ಎಕ್ಸ್‌ಎಂಎಲ್ ಡೇಟಾವನ್ನು ಎಕ್ಸ್‌ಎಸ್‌ಎಲ್‌ಟಿ ಮೂಲಕ ಎಚ್‌ಟಿಎಂಎಲ್ ಪುಟವಾಗಿಸಿ ಕೊಡುತ್ತದೆ. ಹತ್ತು ಜನ ಬಳಸುವಾಗ ಸಲೀಸು; ಇನ್ನೂರು ಜನ ಬಂದರೆ ಸಿಪಿಯು ಏದುಸಿರು ಬಿಡುತ್ತದೆ. ದೊಡ್ಡ ಸರ್ವರ್ ತೆಗೆದುಕೊಳ್ಳಬೇಕೇ?

ಉತ್ತರ: ದುಡ್ಡು ಸದ್ಯ ಜೇಬಿನಲ್ಲೇ ಇರಲಿ. ಮೊದಲು ಕೋಡ್‌ನಲ್ಲಿ ‘ನ್ಯೂಟ್ರಾನ್ಸ್‌ಫಾರ್ಮರ್’ (newTransformer) ಎಲ್ಲಿದೆ ಹುಡುಕಿ; ಪರಿವರ್ತನೆ ಮಾಡುವ ‘ಟ್ರಾನ್ಸ್‌ಫಾರ್ಮರ್’ ಆಬ್ಜೆಕ್ಟನ್ನು ತಯಾರಿಸುವ ಕರೆ ಅದು. ಅದರ ಆವರಣದೊಳಗೆ ನೇರವಾಗಿ ಸ್ಟೈಲ್‌ಶೀಟ್ ಫೈಲನ್ನೇ (ಎಕ್ಸ್‌ಎಸ್‌ಎಲ್‌ಟಿ ನಿಯಮಗಳನ್ನು ಬರೆದಿಟ್ಟ ಫೈಲು) ಕೊಟ್ಟಿದ್ದೀರಾ? ಹಾಗಿದ್ದರೆ ಪ್ರತಿ ರಿಕ್ವೆಸ್ಟ್‌ಗೂ ಆ ಫೈಲು, ಅದು ಇಂಪೋರ್ಟ್ ಮಾಡಿಕೊಂಡ ಫೈಲುಗಳು, ಎಲ್ಲವನ್ನೂ ಓದಿ ಮತ್ತೆ ಕಂಪೈಲ್ ಮಾಡುವ ಕೆಲಸ ನಡೆಯುತ್ತಿದೆ. ದೋಸೆ ಕೇಳಿದ ಒಬ್ಬೊಬ್ಬ ಗಿರಾಕಿಗೂ ಹೊಸದಾಗಿ ಅಕ್ಕಿ ನೆನೆಹಾಕಿದ ಹಾಗೆ! ಡೇಟಾ ಸಣ್ಣದಿದ್ದಾಗ ಪರಿವರ್ತನೆಗಿಂತ ಈ ತಯಾರಿಗೇ ಹೆಚ್ಚು ಹೊತ್ತು ಹಿಡಿಯುವುದುಂಟು.

ಇದಕ್ಕೆಂದೇ ಜಾವಾದಲ್ಲಿ ‘ಟೆಂಪ್ಲೇಟ್ಸ್’ ಆಬ್ಜೆಕ್ಟ್ ಇದೆ, ಅಂದರೆ ಕಂಪೈಲ್ ಆಗಿ ಸಿದ್ಧವಿರುವ ಸ್ಟೈಲ್‌ಶೀಟ್. ಅಪ್ಲಿಕೇಶನ್ ಶುರುವಾಗುವಾಗ ಒಮ್ಮೆ ಮಾಡಿ ಇಟ್ಟುಕೊಳ್ಳಿ. ಎಷ್ಟು ಥ್ರೆಡ್‌ಗಳು (ಏಕಕಾಲಕ್ಕೆ ಓಡುವ ಕೆಲಸದ ಎಳೆಗಳು) ಬೇಕಾದರೂ ಅದನ್ನು ಹಂಚಿಕೊಳ್ಳಬಹುದು. ಪ್ರತಿ ರಿಕ್ವೆಸ್ಟ್‌ಗೆ ಅದರಿಂದ ಹೊಸ ಟ್ರಾನ್ಸ್‌ಫಾರ್ಮರ್ ಪಡೆಯಿರಿ, ಅದಕ್ಕೆ ಹೊತ್ತು ಹಿಡಿಯದು. ಎಡವುವುದು ಇಲ್ಲೇ. ಉಳಿತಾಯದ ಹುರುಪಿನಲ್ಲಿ ನಾನೊಮ್ಮೆ ಟ್ರಾನ್ಸ್‌ಫಾರ್ಮರನ್ನೇ ಸ್ಟ್ಯಾಟಿಕ್ ಮಾಡಿ, ಅಂದರೆ ಎಲ್ಲ ರಿಕ್ವೆಸ್ಟ್‌ಗೂ ಒಂದೇ ಆಗುವಂತೆ, ಇಟ್ಟಿದ್ದೆ. ಅದು ಥ್ರೆಡ್-ಸೇಫ್ ಅಲ್ಲ, ಅಂದರೆ ಹಲವು ಥ್ರೆಡ್‌ಗಳು ಒಟ್ಟಿಗೆ ಬಳಸಿದರೆ ಕೆಡುತ್ತದೆ. ಹೆಸರನ್ನು ಪ್ಯಾರಾಮೀಟರ್ ಆಗಿ ಕಳಿಸುತ್ತಿದ್ದೆನಾದ್ದರಿಂದ ಒಬ್ಬರ ಬಿಲ್ಲಿನ ಮೇಲೆ ಇನ್ನೊಬ್ಬರ ಹೆಸರು ಬಂತು. ನನ್ನ ಲ್ಯಾಪ್‌ಟಾಪಿನಲ್ಲಿ ಒಬ್ಬನೇ ಕೂತು ನೋಡಿದಾಗ ಎಲ್ಲ ಸರಿಯಾಗೇ ಇತ್ತು!

ಇಷ್ಟಾದ ಮೇಲೂ ನಿಧಾನವಿದ್ದರೆ ಸ್ಟೈಲ್‌ಶೀಟಿನೊಳಗೆ ಕಣ್ಣು ಹಾಯಿಸಿ. ಲೂಪಿನೊಳಗೆ // ಇರುವ ಎಕ್ಸ್‌ಪಾತ್ (ಎಕ್ಸ್‌ಎಂಎಲ್‌ನಲ್ಲಿ ಬೇಕಾದ ಭಾಗದ ದಾರಿ ಹೇಳುವ ಸಾಲು) ಕಂಡರೆ ಅನುಮಾನಪಡಿ. ಅದು ಎಕ್ಸ್‌ಎಂಎಲ್ ಡೇಟಾದ ಇಡೀ ಮರವನ್ನು ಜಾಲಾಡುತ್ತದೆ. 5,000 ಆರ್ಡರ್, 5,000 ಗ್ರಾಹಕರು ಇದ್ದಾರೆನ್ನಿ. ಪ್ರತಿ ಆರ್ಡರಿಗೂ ಗ್ರಾಹಕರನ್ನು ಹೀಗೆ ಹುಡುಕುತ್ತ ಹೋದರೆ ಹೋಲಿಕೆಗಳೇ 2.5 ಕೋಟಿ ಆಗಬಹುದು. 1999ರ ಎಕ್ಸ್‌ಎಸ್‌ಎಲ್‌ಟಿ 1.0ರಿಂದಲೇ ಇದಕ್ಕೆ ‘ಕೀ’ ಎಂಬ ಮದ್ದಿದೆ. ಗ್ರಾಹಕ ಸಂಖ್ಯೆಯ ಮೇಲೆ ಒಂದು ಕೀ ಘೋಷಿಸಿದರೆ ಪ್ರೊಸೆಸರ್ (ಎಕ್ಸ್‌ಎಸ್‌ಎಲ್‌ಟಿ ನಡೆಸುವ ಸಾಫ್ಟ್‌ವೇರ್) ಒಮ್ಮೆ ಸೂಚಿ ಕಟ್ಟಿಕೊಂಡು, ಪುಸ್ತಕದ ಕೊನೆಯ ಪದಸೂಚಿ ನೋಡಿದಂತೆ ನೇರ ಅಲ್ಲಿಗೇ ಹೋಗುತ್ತದೆ. ಬಹಳ ಜನ ಇದನ್ನು ಬಳಸುವುದೇ ಇಲ್ಲ, ಯಾಕೋ.

ಎಕ್ಸ್‌ಎಂಎಲನ್ನು ನೀವೇ ಮೆಮೊರಿಯಲ್ಲಿ ಡಾಮ್ (DOM) ಮರವಾಗಿ ಕಟ್ಟಿ ಕೊಡುವ ಬದಲು ಸ್ಟ್ರೀಮ್ ಆಗಿಯೇ ಕೊಡಿ. ಪ್ರೊಸೆಸರ್ ತನಗೊಗ್ಗುವ ಮರ ಕಟ್ಟಿಕೊಳ್ಳುತ್ತದೆ. ಎಲ್ಲರಿಗೂ ಒಂದೇ ಪುಟವಾದರೆ ಪರಿವರ್ತನೆ ಪದೇಪದೇ ಯಾಕೆ? ಸಿದ್ಧವಾದ ಎಚ್‌ಟಿಎಂಎಲನ್ನೇ ಎತ್ತಿಡಿ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ: ಟೆಂಪ್ಲೇಟ್ಸ್ ಕ್ಯಾಶ್ ಮಾಡಿದ (ಎತ್ತಿಟ್ಟುಕೊಂಡ) ಮರುದಿನ ಡಿಸೈನರ್ ಬಂದು ‘ಸ್ಟೈಲ್‌ಶೀಟ್ ತಿದ್ದಿದೆ, ಪುಟ ಬದಲಾಗಲೇ ಇಲ್ಲ’ ಎನ್ನುತ್ತಾರೆ. ಫೈಲು ತಿದ್ದಿದ ಸಮಯ ನೋಡಿ ಕ್ಯಾಶ್ ಹೊಸದಾಗುವಂತೆ ಆಗಲೇ ಬರೆದಿಡಿ.