ತಜ್ಞರ ವರದಿ, ಸರ್ಕಾರದ ತೀರ್ಮಾನ: ಎತ್ತಿನಹೊಳೆ ಇಟ್ಟುಕೊಂಡು ಒಂದು ಟಿಪ್ಪಣಿ

ಪರೀಕ್ಷೆಯಲ್ಲಿ ಬರುವ ಪ್ರಶ್ನೆ ಇದು: ರಾಜಕೀಯ ತೀರ್ಮಾನದಲ್ಲಿ ತಜ್ಞರ ಪಾತ್ರವೇನು? ಪುಸ್ತಕದ ಉತ್ತರವನ್ನು ಮೊದಲು ಮುಗಿಸಿಬಿಡೋಣ. ಜರ್ಮನಿಯ ಚಿಂತಕ ಹಾಬರ್‌ಮಾಸ್ 1960ರ ದಶಕದಲ್ಲಿ ಮೂರು ಮಾದರಿಗಳನ್ನು ಹೇಳಿದರು. ಒಂದು, ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೆಬರ್ ಹೇಳಿದಂತೆ ಗುರಿ ರಾಜಕಾರಣಿಯದು, ದಾರಿ ತೋರಿಸುವುದು ತಜ್ಞರ ಕೆಲಸ. ಎರಡನೆಯದರಲ್ಲಿ ತಜ್ಞರು ಹೇಳಿದ್ದೇ ಕೊನೆ, ರಾಜಕಾರಣಿ ಸುಮ್ನೆ ಸಹಿ ಹಾಕುತ್ತಾನೆ. ಮೂರನೆಯದು ಹಾಬರ್‌ಮಾಸ್ ಒಪ್ಪಿದ್ದು: ಇಬ್ಬರೂ ಜನರ ಎದುರು ಚರ್ಚಿಸಿ ಗುರಿ, ದಾರಿ ಎರಡನ್ನೂ ತಿದ್ದಿಕೊಳ್ಳಬೇಕು.

ಪರೀಕ್ಷೆಗೆ ಇಷ್ಟು ಸಾಕು. ಆದರೆ ಹಾಸನದ ನಮಗೆ ಇದು ಅರ್ಥವಾಗುವುದು ಸಕಲೇಶಪುರದ ಕಡೆ ನೋಡಿದಾಗ.

ಎತ್ತಿನಹೊಳೆ ಯೋಜನೆ ಗೊತ್ತಲ್ಲ. ಸಕಲೇಶಪುರದ ಕಡೆ ಪಶ್ಚಿಮಕ್ಕೆ ಹರಿಯುವ ಹಳ್ಳಗಳ ಮಳೆಗಾಲದ ನೀರನ್ನು ಎತ್ತಿ ಕೋಲಾರ, ಚಿಕ್ಕಬಳ್ಳಾಪುರದ ಕಡೆಗೆ ಒಯ್ಯುವುದು. ಸರ್ಕಾರದ ಲೆಕ್ಕದಲ್ಲಿ ಸಿಗುವ ನೀರು 24.01 ಟಿಎಂಸಿ (ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ). ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡದ ಲೆಕ್ಕದಲ್ಲಿ ಆ ಹಳ್ಳಗಳಿಗೆ ನೀರು ಹರಿದು ಬರುವ ಇಡೀ ಪ್ರದೇಶದಲ್ಲಿ ಸಿಗುವ ಒಟ್ಟು ನೀರೇ 9.55 ಟಿಎಂಸಿ. ಒಂದೇ ಕಾಡು, ಒಂದೇ ಮಳೆ, ಉತ್ತರದಲ್ಲಿ ಎರಡು ಪಟ್ಟಿಗೂ ಜಾಸ್ತಿ ವ್ಯತ್ಯಾಸ. ಆದರೂ ಎರಡೂ ಕಡೆ ದಶಮಾಂಶದ ಮುಂದೆ ಎರಡು ಅಂಕಿ. ಬಿಂದಿಗೆಯಲ್ಲಿ ಅಳೆದ ಹಾಗೆ ಕಾಣುತ್ತದೆ ಅಲ್ವಾ? ಅಂಕಿ ನಿಖರವಾಗಿ ಕಂಡಷ್ಟೂ ನಾವು ಪ್ರಶ್ನೆ ಕೇಳುವುದು ಕಡಿಮೆ.

ಇಲ್ಲಿ ‘ವಿಜ್ಞಾನ ಒಂದು ಕಡೆ, ರಾಜಕೀಯ ಇನ್ನೊಂದು ಕಡೆ’ ಎಂದು ಬರೆದರೆ ಉತ್ತರ ತಪ್ಪು. ಪಶ್ಚಿಮದ ನೀರನ್ನು ಬಯಲುಸೀಮೆಗೆ ತರಬಹುದು ಎಂದವರೂ ತಜ್ಞರೇ. ನೀರಾವರಿ ತಜ್ಞ ಪರಮಶಿವಯ್ಯ ಅವರ ವರದಿ ಜಾರಿಯಾಗಲಿ ಎಂದು ಬಯಲುಸೀಮೆಯಲ್ಲಿ ವರ್ಷಗಟ್ಟಲೆ ಹೋರಾಟ ನಡೆದಿತ್ತು. ಅಂದರೆ ಸರ್ಕಾರಕ್ಕೂ ತಜ್ಞರಿದ್ದರು, ವಿರೋಧಿಗಳಿಗೂ ಇದ್ದರು.

ಈಗ ಪ್ರಶ್ನೆಯನ್ನು ಬಿಡಿಸಿ ನೋಡಿ. ಹಳ್ಳದಲ್ಲಿ ಎಷ್ಟು ನೀರು ಹರಿಯುತ್ತದೆ? ಇದು ಅಳತೆಯ ವಿಷಯ, ತಜ್ಞರೇ ಹೇಳಬೇಕು. ಅದರಲ್ಲಿ ಅಲ್ಲಿನ ತೋಟ, ದನಕರು, ಮೀನುಗಳಿಗೆ ಎಷ್ಟು ಬಿಡಬೇಕು? ಮೀನು ಬದುಕಲು ಎಷ್ಟು ಬೇಕೆಂದು ತಜ್ಞರು ಹೇಳಬಹುದು. ಮೀನಿಗೂ ಒಂದು ಪಾಲು ಇರಲೇಬೇಕೇ ಎನ್ನುವುದು ಅವರೊಬ್ಬರ ತೀರ್ಮಾನ ಆಗಲಾರದು. ಇನ್ನು ಕೋಲಾರದ ಬಾಯಾರಿಕೆ ದೊಡ್ಡದೋ ಸಕಲೇಶಪುರದ ಕಾಡು ದೊಡ್ಡದೋ ಎಂಬುದಕ್ಕೆ ಯಾವ ಪ್ರಯೋಗಾಲಯದಲ್ಲೂ ಉತ್ತರ ಸಿಗುವುದಿಲ್ಲ. ನನ್ನ ಪ್ರಕಾರ ಈ ಮೂರನ್ನೂ ಒಂದೇ ಟಿಎಂಸಿ ಅಂಕಿಯೊಳಗೆ ತುಂಬಿದ್ದೇ ಗೊಂದಲದ ಮೂಲ. ವಾದ ಮುಗಿಯಲಿಲ್ಲ, ಕಾಮಗಾರಿ ನಿಲ್ಲಲಿಲ್ಲ. 2012ರಲ್ಲಿ 8,323 ಕೋಟಿ ಇದ್ದ ಅಂದಾಜು 23,000 ಕೋಟಿ ದಾಟಿತು. ಮೊದಲ ಹಂತದ ಉದ್ಘಾಟನೆ 2024ರ ಸೆಪ್ಟೆಂಬರ್ 6ರಂದು ಆಯಿತು.

ತಜ್ಞರ ಮಾತು ಕೇಳಿದ ಉದಾಹರಣೆಯೂ ನಮ್ಮಲ್ಲೇ ಇದೆ. ಹೈಕೋರ್ಟ್ ಸೂಚನೆಯಂತೆ ರಚನೆಯಾದ, ಆನೆ ತಜ್ಞ ಆರ್. ಸುಕುಮಾರ್ ನೇತೃತ್ವದ ಕಾರ್ಯಪಡೆ 2012ರಲ್ಲಿ ಆಲೂರು–ಸಕಲೇಶಪುರ ಭಾಗದಲ್ಲಿ ಊರು, ತೋಟಕ್ಕೆ ನುಗ್ಗುತ್ತಿದ್ದ ಆನೆಗಳನ್ನು ಹಿಡಿದು ಸಾಗಿಸಲು ಹೇಳಿತು. 2014ರ ಹೊತ್ತಿಗೆ 20ಕ್ಕೂ ಹೆಚ್ಚು ಆನೆಗಳನ್ನು ಹಿಡಿದರು. ಬೇರೆ ಆನೆಗಳು ಬಂದವು. ಶಿಫಾರಸು ಜಾರಿಯಾದ ಮಾತ್ರಕ್ಕೆ ಸಮಸ್ಯೆ ಮುಗಿಯುವುದಿಲ್ಲ, ಹಾಗೆಂದು ವರದಿ ಸುಳ್ಳೂ ಆಗುವುದಿಲ್ಲ.

ಇನ್ನೊಂದು ಅಂಶ ಬಿಡಬೇಡಿ: ಸ್ಥಳೀಯರ ತಿಳಿವಳಿಕೆ. 2013ರ ಕಸ್ತೂರಿರಂಗನ್ ವರದಿ ಉಪಗ್ರಹ ಚಿತ್ರ ನೋಡಿ ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸಿತು. ನೆರಳಿನ ಮರಗಳ ಕೆಳಗಿನ ಕಾಫಿ ತೋಟ ಮೇಲಿನಿಂದ ಕಾಡಿನಂತೆಯೇ ಕಾಣುತ್ತದೆ ಎನ್ನುವುದು ಮಲೆನಾಡಿನ ಬೆಳೆಗಾರರ ತಕರಾರು. ಪಶ್ಚಿಮಘಟ್ಟದ ಬಗ್ಗೆಯೇ ಅದಕ್ಕೂ ಮೊದಲು ವರದಿ ಕೊಟ್ಟಿದ್ದ, ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಅವರ ಸಮಿತಿ ಗ್ರಾಮಸಭೆಗಳ ಮಟ್ಟದಲ್ಲಿ ಚರ್ಚೆಯಾಗಲಿ ಎಂದಿತ್ತು. ಆ ಚರ್ಚೆ ಸರಿಯಾಗಿ ಆಗಲೇ ಇಲ್ಲ. ಹಾಬರ್‌ಮಾಸ್‌ನ ಮೂರನೇ ಮಾದರಿಗೆ ಉದಾಹರಣೆ ಕೇಳಿದರೆ ಇದನ್ನೇ ಬರೆಯಿರಿ, ಆಗದೇ ಹೋದ ಉದಾಹರಣೆ ಎಂದು.