ನೀರಿಲ್ಲದ ಬಿಂದಿಗೆ: ಆನಿಮೇಷನ್‌ನಲ್ಲಿ ನಡುವಿನ ಚಿತ್ರಗಳ ಕಥೆ

ಆನಿಮೇಷನ್ ಕಲಿಯಲು ಬರುವವರಿಗೆ ನಾನು ಮೊದಲು ಕೊಡುವ ಅಭ್ಯಾಸ, ತುಂಬಿದ ಬಿಂದಿಗೆಯನ್ನು ನೆಲದಿಂದೆತ್ತಿ ಸೊಂಟಕ್ಕೇರಿಸಿಕೊಳ್ಳುವ ಹೆಂಗಸಿನ ದೃಶ್ಯ. ಕಂಪ್ಯೂಟರಿನಲ್ಲಿ ಬಗ್ಗಿದ ಭಂಗಿಯನ್ನೂ ನಿಂತ ಭಂಗಿಯನ್ನೂ ಕೂರಿಸಿ ಪ್ಲೇ ಒತ್ತಿದರೆ, ನಡುವಿನ ಚಲನೆಯನ್ನೆಲ್ಲ ಯಂತ್ರವೇ ತುಂಬಿಕೊಡುತ್ತದೆ. ಬಿಂದಿಗೆ ಸಲೀಸಾಗಿ ಮೇಲೇರುತ್ತದೆ. ಆದರೆ ಅದರಲ್ಲಿ ನೀರಿರುವುದಿಲ್ಲ.

ಕಾಗದದ ಮೇಲೆ ಹೀಗಾಗುವುದು ಕಷ್ಟ, ಏಕೆಂದರೆ ಅಲ್ಲಿ ಬರೆಯದೆ ಯಾವುದೂ ಕದಲುವುದಿಲ್ಲ. ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮ್ ಬೇಕು. ಒಂದೊಂದು ಚಿತ್ರವನ್ನು ಎರಡು ಫ್ರೇಮ್ ಕಾಲ ನಿಲ್ಲಿಸುವ ರೂಢಿಯಂತೆ ಲೆಕ್ಕ ಹಾಕಿದರೂ ಒಂದು ಪಾತ್ರಕ್ಕೆ ನಿಮಿಷಕ್ಕೆ 720 ಚಿತ್ರಗಳಾದವು. ಹಿರಿಯ ಕಲಾವಿದ ಮುಖ್ಯ ಭಂಗಿಗಳನ್ನು, ಅಂದರೆ ಕೀಗಳನ್ನು ಬರೆದು, ಹಾಳೆಯ ಅಂಚಿನಲ್ಲಿ ಏಣಿಯಂಥ ಪುಟ್ಟ ಗೆರೆಪಟ್ಟಿಯೊಂದನ್ನು ಹಾಕುತ್ತಿದ್ದ. ಮೆಟ್ಟಿಲುಗಳು ಒತ್ತೊತ್ತಾಗಿದ್ದ ಕಡೆ ಚಲನೆ ನಿಧಾನ, ದೂರ ದೂರವಿದ್ದ ಕಡೆ ವೇಗ. ಅದನ್ನು ನೋಡಿಕೊಂಡು, ಹಾಳೆ ಸರಿಯದಂತೆ ಹಿಡಿಯುವ ಪಟ್ಟಿಯಾದ ಪೆಗ್ ಬಾರ್‌ಗೆ ಸಿಕ್ಕಿಸಿದ ಹಾಳೆಗಳನ್ನು ಕೆಳಗಿನಿಂದ ಬರುವ ಬೆಳಕಿನಲ್ಲಿ ಬೆರಳ ಸಂದಿಯಲ್ಲಿ ಮಗುಚುತ್ತ, ಕಿರಿಯ ಇನ್‌ಬಿಟ್ವೀನರ್ ನಡುವಿನ ಚಿತ್ರಗಳನ್ನು ಬರೆಯುತ್ತಿದ್ದ. ಬಿಂದಿಗೆಯ ದೃಶ್ಯದಲ್ಲಿ ಮೊದಲ ಆರೇಳು ಹಾಳೆಗಳವರೆಗೂ ಬಿಂದಿಗೆ ನೆಲ ಬಿಡಬಾರದು: ಸೊಂಟ ಮೊದಲು ಏಳಬೇಕು, ಭುಜ ಜಗ್ಗಬೇಕು, ತೋಳು ಬಿಗಿಯಬೇಕು. ಭಾರ ಇರುವುದು ಈ ತಡದಲ್ಲೇ ಹೊರತು ಬಿಂದಿಗೆಯ ಚಿತ್ರದಲ್ಲಲ್ಲ.

ಕಂಪ್ಯೂಟರ್ ಬಂದೊಡನೆ ಪೆನ್ಸಿಲ್ ಮೂಲೆಗುಂಪಾಯಿತು ಎಂಬ ಮಾತೂ ಪೂರ್ತಿ ನಿಜವಲ್ಲ. ಡಿಸ್ನಿಯವರ 1990ರ ‘ದಿ ರೆಸ್ಕ್ಯೂಅರ್ಸ್ ಡೌನ್ ಅಂಡರ್’ ಚಿತ್ರದಲ್ಲಿ ಬಣ್ಣ ತುಂಬುವ ಕೆಲಸ ಸೆಲ್ ಎಂಬ ಪಾರದರ್ಶಕ ಹಾಳೆಯಿಂದ ಕಂಪ್ಯೂಟರಿಗೆ ಹೋಯಿತೇ ವಿನಾ ಪಾತ್ರಗಳನ್ನು ಬರೆದದ್ದು ಕೈಯೇ. ಚಲನೆಯೂ ಯಂತ್ರದೊಳಗೇ ರೂಪುಗೊಂಡ ಮೊದಲ ಪೂರ್ಣಪ್ರಮಾಣದ ಚಿತ್ರ ‘ಟಾಯ್ ಸ್ಟೋರಿ’ ಬಂದದ್ದು 1995ರಲ್ಲಿ. ಅದರ ನಿರ್ದೇಶಕ ಜಾನ್ ಲ್ಯಾಸೆಟರ್ 1987ರಷ್ಟು ಹಿಂದೆಯೇ, ಕೈಚಿತ್ರದ ಹಳೆಯ ಸೂತ್ರಗಳನ್ನು ಮೂರು ಆಯಾಮದ ಆನಿಮೇಷನ್ನಿಗೆ ಹೇಗೆ ಅಳವಡಿಸಬೇಕೆಂದು ಪ್ರಬಂಧ ಬರೆದಿದ್ದರು.

ಅಂಚಿನ ಆ ಏಣಿ ಈಗ ಕಂಪ್ಯೂಟರಿನ ಪರದೆಯಲ್ಲಿ ಚಲನೆಯನ್ನು ಗೆರೆಯಾಗಿ ತೋರಿಸುವ ಗ್ರಾಫ್ ಎಡಿಟರ್‌ನ ವಕ್ರರೇಖೆಯಾಗಿದೆ. ರೇಖೆ ಮಲಗಿದರೆ ಚಲನೆ ನಿಧಾನ, ಕಡಿದಾದರೆ ವೇಗ. ಯಂತ್ರ ತಾನಾಗಿ ಎಳೆಯುವ ನುಣುಪು ರೇಖೆಯನ್ನು ಒಪ್ಪಿಕೊಂಡರೆ ಪಾತ್ರ ನೀರಿನೊಳಗೆ ತೇಲಿದಂತೆ ಕಾಣುತ್ತದೆ. ಆದ್ದರಿಂದ ಇಂದಿನ ಆನಿಮೇಟರ್‌ನ ಬಹುಪಾಲು ಸಮಯ ಹೋಗುವುದು ಯಂತ್ರ ಕೊಟ್ಟದ್ದನ್ನು ಬೇಡವೆನ್ನುವುದರಲ್ಲಿ. 2018ರ ‘ಸ್ಪೈಡರ್-ಮ್ಯಾನ್: ಇನ್‌ಟು ದಿ ಸ್ಪೈಡರ್-ವರ್ಸ್’ನಲ್ಲಿ ಇನ್ನೂ ಪಳಗದ ಹೊಸ ಸ್ಪೈಡರ್-ಮ್ಯಾನ್ ಮೈಲ್ಸ್‌ನನ್ನು, ಹಳೆಯ ಕೈಚಿತ್ರದ ರೂಢಿಯಂತೆ, ಎರಡೆರಡು ಫ್ರೇಮ್‌ಗೊಂದು ಭಂಗಿಯಲ್ಲಿ ನಡೆಸಿ, ಪಕ್ಕದಲ್ಲೇ ಜಿಗಿಯುವ ಅನುಭವಿ ಸ್ಪೈಡರ್-ಮ್ಯಾನ್ ಪೀಟರ್‌ಗೆ ಫ್ರೇಮಿಗೊಂದು ಭಂಗಿ ಕೊಟ್ಟರು.

ಪಾತ್ರದ ಸುತ್ತ ಕ್ಯಾಮೆರಾ ತಿರುಗಿಸುವುದಿರಲಿ, ಕೊನೆಯ ಗಳಿಗೆಯಲ್ಲಿ ಸೀರೆಯ ಬಣ್ಣ ಬದಲಿಸುವುದಿರಲಿ, ಕಂಪ್ಯೂಟರಿಗೆ ಕಾಗದ ಸಾಟಿಯಲ್ಲ. ಇದರಲ್ಲಿ ವಾದಕ್ಕೆ ಎಡೆಯಿಲ್ಲ. ನಾವು ಕಳೆದುಕೊಂಡದ್ದು ಇನ್‌ಬಿಟ್ವೀನರ್‌ನ ಕುರ್ಚಿಯನ್ನು, ಅಂದರೆ ಇನ್ನೊಬ್ಬರ ಭಂಗಿಗಳ ನಡುವೆ ವರ್ಷಗಟ್ಟಲೆ ಕೂತು ಕಲಿಯುವ ಅವಕಾಶವನ್ನು. ಅದಕ್ಕೇ ಬಿಂದಿಗೆಯ ಅಭ್ಯಾಸವನ್ನು ನಾನು ಈಗ ಮೊದಲು ಹನ್ನೆರಡು ಹಾಳೆಗಳಲ್ಲಿ ಪೆನ್ಸಿಲಿನಿಂದ ಮಾಡಿಸುತ್ತೇನೆ. ಏಳನೆಯ ಹಾಳೆಯವರೆಗೂ ಬಿಂದಿಗೆ ಅಲ್ಲಾಡದಿರುವುದನ್ನು ಕಂಡು ಹುಡುಗರಿಗೆ ಬೇಸರ ಬರುತ್ತದೆ. ಎಂಟನೆಯದನ್ನು ಮಗುಚಿದಾಗ ಕೆಲವರು ತಮಗರಿಯದೆಯೇ ಭುಜ ಬಿಗಿಹಿಡಿಯುತ್ತಾರೆ.