ಪಠ್ಯ ತುಂಡು ಮಾಡುವಾಗ ಅಕ್ಷರ ಒಡೆಯಬಾರದು

ತಿಕೋಟಾದಲ್ಲಿ ನಮ್ಮ ಕಾಕಾನ ದ್ರಾಕ್ಷಿ ತೋಟ ಇದೆ. ಕೊಯ್ಲಿಗೆ ಬರುವವರಿಗೆ ಕನ್ನಡದಲ್ಲೇ ಎಸ್ಸೆಮ್ಮೆಸ್ ಕಳಿಸು ಅಂದಿದ್ದರು. ಒಂದು ಎಸ್ಸೆಮ್ಮೆಸ್‌ನಲ್ಲಿ ಇರುವ ಜಾಗ 140 ಬೈಟ್. ಕನ್ನಡದ ಒಂದೊಂದು ಚಿಹ್ನೆಗೆ ಅಲ್ಲಿ 2 ಬೈಟ್ ಬೇಕು. ಅಂದರೆ 70 ಚಿಹ್ನೆ, ಅಷ್ಟೇ. ನನ್ನ ಸಂದೇಶ 150 ಚಿಹ್ನೆ ಇತ್ತು. ಪ್ರೋಗ್ರಾಮಿಂಗ್ ಭಾಷೆ ಪೈಥಾನ್‌ನಲ್ಲಿ ಸ್ಲೈಸ್ ಮಾಡಿದೆ, ಅಂದರೆ ಪಠ್ಯವನ್ನು ತುಂಡು ಮಾಡಿದೆ.

ಪೈಥಾನ್ ಎಣಿಕೆ 0ಯಿಂದ ಶುರು. ಮೊದಲ ತುಂಡು ಪಠ್ಯ[0:70]. ಇದರಲ್ಲಿ 0 ಸೇರುತ್ತದೆ, 70 ಸೇರುವುದಿಲ್ಲ. ಮುಂದಿನ ತುಂಡು 70ರಿಂದಲೇ ಶುರು, ಹಾಗಾಗಿ ಒಂದು ಕೂಡಿಸುವ ಗೋಜಿಲ್ಲ. ರೇಂಜ್ ಅನ್ನುವ ಫಂಕ್ಷನ್‌ಗೆ 0, ಪಠ್ಯದ ಉದ್ದ, ತುಂಡಿನ ಅಳತೆ ಈ ಮೂರನ್ನೂ ಕೊಟ್ಟರೆ 0, 70, 140 ಅಂತ ಶುರುವಿನ ಜಾಗಗಳು ಸಿಗುತ್ತವೆ. ಕೊನೆಯದು ಪಠ್ಯ[140:210]. ಅಲ್ಲಿ ಉಳಿದಿರುವುದು ಹತ್ತೇ ಚಿಹ್ನೆ. ಆದರೂ ಎರರ್ ಬರುವುದಿಲ್ಲ, ಇದ್ದಷ್ಟು ಕೊಡುತ್ತದೆ. ಹೂವಿನ ಮಾಲೆ ಮೊಳ ಹಾಕಿ ಕತ್ತರಿಸಿದಾಗ ಕೊನೆಗೆ ತುಣುಕು ಉಳಿಯುತ್ತದಲ್ವಾ, ಹಾಗೆ. ಆದರೆ ಪಠ್ಯ[150] ಅಂತ ಒಂದೇ ಚಿಹ್ನೆ ಕೇಳಿದರೆ ಮಾತ್ರ ಇಂಡೆಕ್ಸ್ ಎರರ್ ಖಂಡಿತ.

ಇಷ್ಟು ಎಲ್ಲ ಕಡೆ ಸಿಗುತ್ತದೆ. ಕನ್ನಡದಲ್ಲಿ ಕಷ್ಟ ಶುರುವಾಗುವುದು ಇಲ್ಲಿಂದ.

"ಗೋಲ ಗುಂಬಜ್" ತಗೊಳ್ಳಿ. ಪೈಥಾನ್ ಇದನ್ನು ಎಣಿಸುವುದು ಹೀಗೆ: ಗ, ಓತ್ವ, ಲ, ಖಾಲಿ ಜಾಗ, ಗ, ಉತ್ವ, ಸೊನ್ನೆ, ಬ, ಜ, ಹಲಂತ. ಒಟ್ಟು 10. ನಾವು ಅಕ್ಷರ ಎಣಿಸುತ್ತೇವೆ, ಅದು ಕೋಡ್ ಪಾಯಿಂಟ್, ಅಂದರೆ ಇಂಥ ಒಂದೊಂದು ಚಿಹ್ನೆ ಎಣಿಸುತ್ತದೆ. ಐದೈದಾಗಿ ಕತ್ತರಿಸಿದರೆ ಮೊದಲ ತುಂಡು "ಗೋಲ ಗ". ಎರಡನೆಯದರ ತಲೆಯಲ್ಲಿ ಉತ್ವ ಒಂದೇ ನಿಂತಿರುತ್ತದೆ, ಚುಕ್ಕೆಗಳ ಸುತ್ತು ಹಿಡಿದುಕೊಂಡು. ಕಾಕಾನ ಫೋನಿನಲ್ಲಿ ಇಂಥದ್ದೇ ಬಂತು. ಮಾಲೆ ಕತ್ತರಿಸುವವರು ಹೂವನ್ನು ಸೀಳುವುದಿಲ್ಲ, ಎರಡು ಹೂವಿನ ನಡುವೆ ದಾರ ಕತ್ತರಿಸುತ್ತಾರೆ. ನಾವೂ ಹಾಗೇ ಮಾಡಬೇಕು.

ಕತ್ತರಿ ಬೀಳುವ ಜಾಗದಲ್ಲಿರುವ ಚಿಹ್ನೆ ನೋಡಿ. ಯೂನಿಕೋಡ್‌ಡೇಟಾ ಮಾಡ್ಯೂಲಿನ ಕೆಟಗರಿ ಫಂಕ್ಷನ್‌ಗೆ ಅದನ್ನು ಕೊಡಿ. ಉತ್ತರ ಇಂಗ್ಲಿಷಿನ 'ಎಂ' (M) ಅಕ್ಷರದಿಂದ ಶುರುವಾದರೆ ಅದು ಕಾಗುಣಿತದ ಚಿಹ್ನೆ, ಸೊನ್ನೆ ಅಥವಾ ಹಲಂತ. ಒಂದು ಹೆಜ್ಜೆ ಹಿಂದೆ ಬನ್ನಿ.

ಒತ್ತಕ್ಷರಕ್ಕೆ ಇದು ಸಾಲದು. "ಸಿದ್ಧೇಶ್ವರ" ಪದವನ್ನು 4ರಲ್ಲಿ ಕತ್ತರಿಸಿದರೆ ಆ ಜಾಗದಲ್ಲಿರುವುದು ಧ, ಅದು ವ್ಯಂಜನ. ಪರೀಕ್ಷೆ ಪಾಸಾಗುತ್ತದೆ, ಆದರೆ "ಸಿದ್" ಮತ್ತು "ಧೇಶ್ವರ" ಬೇರೆಯಾಗುತ್ತವೆ. ಅದಕ್ಕೇ ಹಿಂದಿನ ಚಿಹ್ನೆ ಹಲಂತವೇ ಅಂತಲೂ ನೋಡಬೇಕು. ಹೌದಾದರೆ ಮತ್ತೆ ಹಿಂದಕ್ಕೆ. ಆಗ ಕತ್ತರಿ 2ಕ್ಕೆ ಬಂದು "ಸಿ" ಆದ ಮೇಲೆ ನಿಲ್ಲುತ್ತದೆ.

ಈಗ ತುಂಡುಗಳು ಒಂದೇ ಅಳತೆಯವಲ್ಲ, ಹಾಗಾಗಿ ರೇಂಜ್ ಬಿಟ್ಟು ವೈಲ್ ಲೂಪ್ (ಪಠ್ಯ ಮುಗಿಯುವವರೆಗೆ ಮತ್ತೆ ಮತ್ತೆ ಓಡುವ ಕೋಡ್) ಬರೆಯಬೇಕು. ಅಳತೆ ತೀರಾ ಸಣ್ಣದಾಗಿದ್ದರೆ ಕತ್ತರಿ ಹಿಂದೆ ಸರಿದು ಶುರುವಿನ ಜಾಗಕ್ಕೇ ಬಂದುಬಿಡುತ್ತದೆ, ಲೂಪ್ ಮುಗಿಯುವುದೇ ಇಲ್ಲ. "ಶ್ವ" ಒಂದಕ್ಕೇ 3 ಚಿಹ್ನೆ ಬೇಕು, ನೆನಪಿರಲಿ. ಎಲ್ಲ ತುಂಡುಗಳನ್ನು ಜೋಡಿಸಿ ಮೂಲ ಪಠ್ಯದ ಜೊತೆ ಹೋಲಿಸಿ ನೋಡಿ, ಏನೂ ಕಳೆದಿಲ್ಲ ಅಂತ ಗೊತ್ತಾಗುತ್ತದೆ.

"ಗೋಲ ಗುಂಬಜ್" ಕೊಟ್ಟು, ತುಂಡಿನ ಮಿತಿ 5 ಇಟ್ಟು ಮತ್ತೆ ಓಡಿಸಿದೆ. ಬಂದದ್ದು ಮೂರು ತುಂಡು: "ಗೋಲ ", "ಗುಂಬ", "ಜ್".